ಹೊಡೆದುಹಾಕಬಾರದ ಎರಡನೆಯ ಸಾಲು

ಅಪಾಯದ ಬಸಿರುಗಳ ಆರೈಕೆಯಲ್ಲಿ ನಮ್ಮ ಆಸ್ಪತ್ರೆಗೆ ಹೆಸರೇನಾದರೂ ಇದ್ದರೆ, ಅದು ಮೂವತ್ತೊಂದು ವರ್ಷ ಹೆರಿಗೆ ವಿಭಾಗವನ್ನು ಮುನ್ನಡೆಸಿ ಈಗ ನಿವೃತ್ತರಾಗುತ್ತಿರುವ ನಮ್ಮ ಪೂಜ್ಯ ಮೇಡಂ ಅವರಿಂದ ಬಂದದ್ದು. ಅಭಿನಂದನ ಲೇಖನದಲ್ಲಿ ಸಿಟ್ಟು ಸಲ್ಲದೆಂದು ಸಂಪಾದಕರು ತಿಳಿಸಿದ್ದಾರೆ. ಅವರ ಕ್ಷಮೆ ಕೋರಿಯೇ ಮುಂದುವರಿಯುತ್ತೇನೆ.

ನಾನು ಕಿರಿಯ ವೈದ್ಯೆಯಾಗಿ ಅವರ ಕೈಕೆಳಗೆ ಸೇರಿದ ವರ್ಷ, ಅವಳಿ ಬಸಿರಿನ ಹೊಲಿಗೆ ಟೀಚರೊಬ್ಬರು ದಾಖಲಾದರು. ಎರಡು ಕೂಸುಗಳಿಗೂ ರಕ್ತ ಉಣಿಸುವ ಮಾಸು ಒಂದೇ. ಇಪ್ಪತ್ತಾರನೆಯ ವಾರದಲ್ಲಿ ಒಂದರ ಎದೆಬಡಿತ ನಿಂತಿತು.

"ಇನ್ನೇನು ಕಾಯೋದು? ಇವತ್ತೇ ಹೊರಗೆ ತೆಗೀರಿ. ನಾಳೆ ಏನಾದ್ರೂ ಆದ್ರೆ ಉತ್ತರ ಕೊಡೋರು ಯಾರು?" ಎಂದರು ಆಸ್ಪತ್ರೆಯ ಮುಖ್ಯಸ್ಥರು.

"ನಾನು ಕೊಡ್ತೀನಿ," ಎಂದರು ಮೇಡಂ.

ಮಾಸು ಒಂದೇ ಆದಾಗ, ಒಂದು ಸತ್ತರೆ ಇನ್ನೊಂದಕ್ಕೆ ಬೀಳುವ ಪೆಟ್ಟು ಆ ಗಳಿಗೆಯಲ್ಲೇ ಬಿದ್ದಿರುತ್ತದೆ. ಅವಸರದ ಹೆರಿಗೆ ಅದನ್ನು ಅಳಿಸದೆ, ದಿನ ತುಂಬದ ಕಷ್ಟವನ್ನೂ ಮೇಲೆ ಹೇರುತ್ತದೆ ಎಂಬುದು ಅವರ ನಿಲುವು. ಉಳಿದ ಕೂಸಿನ ರಕ್ತದ ಹರಿವು, ಬೆಳವಣಿಗೆ, ಮೆದುಳು ಇವನ್ನು ಸ್ಕ್ಯಾನಿನಲ್ಲಿ ನೋಡುತ್ತ ಕಾಯಬೇಕಿತ್ತು.

ನಾನೋ, ಕೂಸಿಗೊಂದು ಸಾಲಿರುವ ತಪಾಸಣೆಯ ಹಾಳೆಯಲ್ಲಿ ರೂಢಿಯಂತೆ ಎರಡನೆಯ ಸಾಲಿಗೆ ಗೀಟೆಳೆದು 'ಒಂದೇ ಕೂಸು' ಎಂದು ಬರೆದೆ. ಅವಳಿಗಳಿಗೆ ವಾರಕ್ಕೊಂದು ಸ್ಕ್ಯಾನ್, ಒಂಟಿಗೆ ತಿಂಗಳಿಗೊಂದು. ಸ್ಕ್ಯಾನ್ ಕೊಠಡಿಯವರು ಹಾಳೆ ನೋಡಿ ಆಕೆಯನ್ನು ಮುಂದಿನ ತಿಂಗಳಿಗೆ ಹಾಕಿದರು. ಹನ್ನೊಂದು ದಿನಗಳ ನಂತರ, ರಜೆ ಮುಗಿಸಿ ಬಂದ ಮೇಡಂ ಬೆಳಗಿನ ಸುತ್ತಿನಲ್ಲಿ ಅದನ್ನು ಕಂಡರು.

"ಸತ್ತಿದ್ದನ್ನ ನೀನು ಹೊಡೆದುಹಾಕಿದೆ, ಬದುಕಿರೋದನ್ನ ನೋಡೋರೇ ಇಲ್ಲದ ಹಾಗಾಯ್ತು," ಎಂದರು. ತಾವೇ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಕೂಸು ಚೆನ್ನಾಗಿತ್ತು. ಅದು ಕೂಸಿನ ಗಟ್ಟಿತನವೇ ಹೊರತು ನನ್ನ ಪುಣ್ಯವಲ್ಲ. ನನ್ನ ಮೇಲೆ ನನಗಿರುವ ಸಿಟ್ಟು ಇಂದಿಗೂ ಆರಿಲ್ಲ.

ಟೀಚರನ್ನು ನೋಡಲು ಬಂದ ಅವರ ಅತ್ತೆಯವರು "ಒಂದಾದ್ರೂ ಉಳೀತಲ್ಲಮ್ಮ, ಸಮಾಧಾನ ಮಾಡ್ಕೋ" ಎಂದಾಗ ಮೇಡಂ, "ಒಂದು ಕಣ್ಣು ಹೋದೋರಿಗೂ ಹೀಗೇ ಅಂತೀರಾ?" ಎಂದು ಕೇಳಿ, ಸೊಸೆಯ ಪಕ್ಕದಲ್ಲಿ ಕುಳಿತು, ಆಕೆ ಅತ್ತು ಮುಗಿಸುವವರೆಗೂ ಏಳಲಿಲ್ಲ.

ಮೂವತ್ತಾರನೆಯ ವಾರ ಹೆರಿಗೆಯಾಯಿತು. ತಾಯಿ ಇಬ್ಬರನ್ನೂ ಎತ್ತಿಕೊಂಡರು. ಒಬ್ಬಳು ಜೋರಾಗಿ ಅತ್ತಳು. ಮುಖ್ಯಸ್ಥರು ಮಾತ್ರ ವಿಳಂಬಕ್ಕೆ ಕಾರಣ ಕೇಳಿ ನೋಟಿಸು ಕೊಟ್ಟು, ಮೇಡಂ ಅವರ ಬಡ್ತಿಯನ್ನು ಎರಡು ವರ್ಷ ತಡೆದರು. ಅದೇ ಮಹನೀಯರು ಇದೇ ಸಂಪುಟದ ಮುನ್ನುಡಿಯಲ್ಲಿ ಅವರ 'ಅಪಾರ ತಾಳ್ಮೆ'ಯನ್ನು ಕೊಂಡಾಡಿದ್ದಾರೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ.

ಎರಡನೆಯ ಸಾಲನ್ನು ಹೊಡೆಯದೆ, ಬಡಿತ ನಿಂತ ದಿನಾಂಕವನ್ನು ಅಲ್ಲಿ ಬರೆಯುವ ಪದ್ಧತಿಯನ್ನು ಮೇಡಂ ಅಂದೇ ತಂದರು. ಕಳೆದ ವರ್ಷ ಬಂದ ಕಂಪ್ಯೂಟರಿನಲ್ಲಿ ಒಂದು ಕೂಸು ಸತ್ತರೆ ಆ ಸಾಲು ತಾನಾಗಿ ಮಾಯವಾಗುತ್ತದೆ. ಅದನ್ನು ಸರಿಪಡಿಸಿರೆಂದು ಮೇಡಂ ಆಡಳಿತಕ್ಕೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ, ಬೀಳ್ಕೊಡುಗೆಯ ಆಹ್ವಾನ ಪತ್ರಿಕೆ ಬಂತು.

ಮೇಡಂ ಶತಾಯುಷಿಗಳಾಗಲಿ. ವಿಶ್ರಾಂತಿ ದೊರೆಯಲೆಂದು ಮಾತ್ರ ನಾನು ಹಾರೈಸಲಾರೆ. ನಾಲ್ಕನೆಯ ಪತ್ರ ನಾನು ಬರೆದಿದ್ದೇನೆ, ಇದನ್ನು ಓದುತ್ತಿರುವ ನಿಮ್ಮ ಸಹಿಯೂ ಬೇಕು. ಅದು ಸರಿಯಾಗುವವರೆಗೆ ಕಂಪ್ಯೂಟರಿನಿಂದ ಬರುವ ಮುದ್ರಿತ ಹಾಳೆಗಳ ಮೇಲೆ ಎರಡನೆಯ ಸಾಲನ್ನು, ಒಮ್ಮೆ ಅದನ್ನು ಹೊಡೆದುಹಾಕಿದ ಇದೇ ಕೈಯಿಂದ, ದಿನವೂ ಮತ್ತೆ ಬರೆಯುತ್ತಿದ್ದೇನೆ.