ನಿದ್ದೆಯಣ್ಣನ ಹಾಸಿಗೆ

ಅವರು ತೀರಿಹೋದಮೇಲೂ ಜನ ಅಂಗಡಿಗೆ ಬಂದು, "ನಿದ್ದೆಯಣ್ಣ ಇಲ್ವಾ?" ಅಂತ ಕೇಳುತ್ತಾರೆ. ದಾರಿಯಲ್ಲಿ ಸಿಕ್ಕ ಅವರ ಹೆಂಡತಿಯನ್ನೇ ಕೇಳಿದವರೂ ಇದ್ದಾರೆ. "ಇಲ್ಲ" ಅನ್ನೋಕೆ ಅವಳಿಗೆ ಇನ್ನೂ ಬಾಯಿ ಬರುವುದಿಲ್ಲ.

ಬೆಡ್‌ಶೀಟು ಮಾರುವ ಮನುಷ್ಯನಿಗೆ ಗಿರಾಕಿಗಳೇ ಇಟ್ಟ ಹೆಸರು ಅದು. ಬಂದವರನ್ನು ಅವರು ಬಣ್ಣ ಯಾವುದು ಬೇಕು ಅಂತ ಕೇಳುತ್ತಿರಲಿಲ್ಲ. "ಯಾರು ಮಲಗ್ತಾರೆ? ಬೆವರ್ತಾರಾ? ಚಳಿ ಅಂತಾರಾ?" ಅಂತ ಕೇಳುತ್ತಿದ್ದರು. ಒಂದು ಸಲ ಹೊಸ ಸೊಸೆಯೊಬ್ಬಳು ಉತ್ತರ ಕೊಡಲಾರದೆ ಕೆಂಪಗಾದಳು. ಜೊತೆಗಿದ್ದ ಅತ್ತೆ, "ಏನಯ್ಯಾ, ಶೀಟು ಮಾರೋಕೆ ಕೂತಿದ್ದೀಯೋ, ಮನೆ ಗುಟ್ಟು ಕೇಳೋಕೋ?" ಅಂದರು.

"ಗುಟ್ಟು ನಿಮ್ಮ ಹತ್ರಾನೇ ಇರ್ಲಿ ಅಮ್ಮಾ. ಬೆವರು ಮಾತ್ರ ಹೇಳಿ."

ಬಟ್ಟೆಯ ಮೂಲೆ ಹಿಡಿದು ಉಜ್ಜಿ ತೋರಿಸುತ್ತಿದ್ದರು. ಬಿಳಿ ಪುಡಿ ಉದುರಿದರೆ ಅದು ಗಂಜಿಯ ದಪ್ಪ, ಒಗೆದರೆ ಜಾಳು. ಒಂದು ಹನಿ ನೀರು ಬಿಡುತ್ತಿದ್ದರು. ಹೀರಿದರೆ ಹತ್ತಿ, ಬೆವರನ್ನೂ ಹೀರುತ್ತದೆ. ಹನಿ ಹಾಗೇ ಗುಂಡಗೆ ನಿಂತರೆ ಪಾಲಿಯೆಸ್ಟರ್. "ಇದು ನೋಡೋಕೆ, ಅದು ಮಲಗೋಕೆ" ಅನ್ನುತ್ತಿದ್ದರು. ದುಬಾರಿ ಮಾಲು ಪಕ್ಕಕ್ಕಿಟ್ಟು ಸಾದಾ ಮಾಲು ಕಟ್ಟಿಕೊಡುತ್ತಿದ್ದರು. ಅಂಗಡಿ ಸಾಹುಕಾರರು ಗೊಣಗುತ್ತಿದ್ದರು. ಆದರೂ ಕೆಲಸದಿಂದ ಬಿಡಿಸಲಿಲ್ಲ. ಹೋದ ಗಿರಾಕಿ ಅಕ್ಕತಂಗಿಯರನ್ನೂ ಕರೆದುಕೊಂಡು ಬರುತ್ತಿದ್ದಳಲ್ಲ.

ಕೊನೆಯ ವರ್ಷ ಅಂಗಡಿಯ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದರು. ಅಂಗಾತ ಮಲಗಿಯೇ ಇರಬೇಕು. "ನಿದ್ದೆ ಬಂದ್ರೆ ಅರ್ಧ ವಾಸಿ" ಅಂದರು ಡಾಕ್ಟರು. ಆ ನಿದ್ದೆಯೇ ಬರಲಿಲ್ಲ.

ಸಾಹುಕಾರರು ಪ್ರೀತಿಯಿಂದ ಒಂದು ಶೀಟು ಕಳಿಸಿದ್ದರು. ಅಂಗಡಿಯಲ್ಲೇ ದುಬಾರಿಯದು, ಫಳಫಳ ಹೊಳೆಯುವಂಥದ್ದು. ನೋಡಲು ಬಂದವರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಹೆಂಡತಿಗೂ ಹೆಮ್ಮೆ. ಅದರ ಮೇಲೆ ಅವರು ಬೆವರುತ್ತಾ, ಜಾರುತ್ತಾ, ಹಲ್ಲು ಕಚ್ಚಿಕೊಂಡು ಬಿದ್ದಿದ್ದರು. ಬೆನ್ನು ಕೆಂಪಗಾಯಿತು. ಕೇಳಿದರೆ, "ಏನಿಲ್ಲ ಬಿಡೇ."

ಒಂದು ಮಧ್ಯಾಹ್ನ ಹೆಂಡತಿ ನೀರು ಕುಡಿಸುವಾಗ ಲೋಟ ಅಲುಗಿತು. ಚೆಲ್ಲಿದ ನೀರು ಶೀಟಿನ ಮೇಲೆ ಉರುಳಿ ನೆಲಕ್ಕೆ ಬಿತ್ತು. ಹೆಂಡತಿ ನೋಡಿದಳು. ಅವರೂ ನೋಡಿದರು.

"ನಿಮಗೆ ಗೊತ್ತಿತ್ತು ಅಲ್ವಾ?"

"ಸಾಹುಕಾರ್ರು ಮನಸಿಟ್ಟು ಕಳಿಸಿದ್ದು ಕಣೇ. ತೆಗೆದ್ರೆ ನೊಂದ್ಕೋತಾರೆ."

"ಊರಿಗೆಲ್ಲ ಹೇಳಿಕೊಟ್ಟು, ನೀವು ಮಾತ್ರ ಬೇಯ್ತಾ ಬಿದ್ದಿದ್ದೀರಿ. ಚೆನ್ನಾಗಿದೆ ಕಣ್ರೀ!"

ಅವಳೇ ಅಂಗಡಿಗೆ ಹೋದಳು. ಸಾಹುಕಾರರು ಊಟಕ್ಕೆ ಹೋಗಿದ್ದರು, ಕೆಲಸದ ಹುಡುಗ ಒಬ್ಬನೇ ಇದ್ದ. ಕೆಳಗಿನ ಸಾಲಿನಿಂದ ಸಾದಾ ಬಿಳಿ ಹತ್ತಿಯದನ್ನು ಎಳೆದಳು. ಉಜ್ಜಿದಳು, ನೀರು ಬಿಟ್ಟಳು, ಕೊಂಡಳು. ಮನೆಯಲ್ಲಿ ಬಿಸಿನೀರಿಗೆ ಹಾಕಿ ಗಂಜಿ ಪೂರ್ತಿ ಹೋಗುವವರೆಗೆ ಒಗೆದು ಬಿಸಿಲಲ್ಲಿ ಹರವಿದಳು. ಮಾರನೆಯ ದಿನ ಮಗಳೂ ಅವಳೂ ಸೇರಿ ಅವರನ್ನು ಮೆಲ್ಲಗೆ ಹೊರಳಿಸಿ, ಒಂದು ಸುಕ್ಕೂ ಇಲ್ಲದಂತೆ ಎಳೆದು ಹಾಸಿದರು.

ಅವರು ಅಂಗೈಯಿಂದ ಸವರಿದರು. "ನೇಯ್ಗೆ ಸುಮಾರು. ಅಂಚಿನ ಹೊಲಿಗೆ ಸೊಟ್ಟ. ನಾನಾಗಿದ್ರೆ..."

ಮಾತು ಅಲ್ಲಿಗೇ ನಿಂತಿತು. ಮಗಳು ಗಾಬರಿಯಾಗಿ ಅಪ್ಪನ ಮೂಗಿನ ಹತ್ತಿರ ಬೆರಳು ಹಿಡಿದಳು. ಅಷ್ಟರಲ್ಲಿ ಗೊರಕೆ ಬಂತು.

ಸಂಜೆ ಸಾಹುಕಾರರು ನೋಡಲು ಬಂದರು. ಹೆಂಡತಿ ಬಾಗಿಲಲ್ಲೇ ಅಡ್ಡ ನಿಂತಳು. ಅವರು ಅವಳ ಭುಜದ ಮೇಲಿಂದ ಇಣುಕಿದರು.

"ಎಲ್ಲಮ್ಮಾ ನಾನು ಕಳಿಸಿದ್ದು?"

"ಕಿಟಕಿಗೆ ಕಟ್ಟಿದೀನಿ. ಬಿಸಿಲು ಚೆನ್ನಾಗಿ ತಡೆಯುತ್ತೆ. ಸ್ವಲ್ಪ ಮೆಲ್ಲಗೆ, ಮಲಗಿದಾರೆ."

ಸಾಹುಕಾರರ ಮುಖ ಚಿಕ್ಕದಾಯಿತು. ಗೊರಕೆ ಕೇಳುತ್ತಾ ನಿಂತರು. ಆಮೇಲೆ ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದರು.

"ನನ್ನ ಮಾಲನ್ನ ನನ್ನೆದುರೇ ಬೇಡ ಅನ್ನೋನು ಇವನೊಬ್ಬನೇ ಅಂದ್ಕೊಂಡಿದ್ದೆ" ಅಂದರು.

ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಬರಿಗಾಲಲ್ಲೇ ಮೆಟ್ಟಿಲು ಇಳಿದು ಹೋದರು.