ಕೀಲಿ ಹಾಕಿದ ಬಾವಿಯೊಳಗೆ ಕೂಸು

ಇಂಥ ಕಥೆ ಯಾರಾದರೂ ಶುರುಮಾಡಿದರೆ ನಾನು ಮಧ್ಯದಲ್ಲೇ ಎದ್ದುಹೋಗುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಹೇಳುವವರು ಸರಿಯಾಗಿ ನೋಡಿರುವುದಿಲ್ಲ, ಇಲ್ಲವೇ ನೋಡಿದ್ದಕ್ಕೆ ಬಣ್ಣ ಹಚ್ಚುತ್ತಾರೆ ಎಂದೇ ನಂಬಿದ್ದೆ. ನೀವೂ ಹಾಗೇ ಅಂದುಕೊಂಡರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೂರು ವರ್ಷದ ಹಿಂದಿನ ಒಂದು ಭಾನುವಾರ. ಮಗಳು ಸೃಷ್ಟಿಗೆ ಆಗ ಎರಡೂವರೆ ವರ್ಷ. ಮುದ್ದೇಬಿಹಾಳದಲ್ಲಿ ರೊಕ್ಕ ಖರ್ಚಿಲ್ಲದೆ ಕೂಸನ್ನು ನಗಿಸುವ ಜಾಗಗಳೆಲ್ಲ ನಮಗೆ ಗೊತ್ತಿದ್ದವು. ಬೆಳಿಗ್ಗೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಸಿಂದಗಿ ಬಸ್ಸಿಗೆ, ಬಾಗೇವಾಡಿ ಬಸ್ಸಿಗೆ ಟಾಟಾ ಮಾಡಿದೆವು. ಆಮೇಲೆ ರಜೆಯ ದಿನ ಖಾಲಿ ಬಿದ್ದಿದ್ದ ಮಾರುಕಟ್ಟೆ ಪ್ರಾಂಗಣದಲ್ಲಿ ತೊಗರಿಕಾಳು ಹೆಕ್ಕುವ ಪಾರಿವಾಳಗಳ ಹಿಂದೆ ಅವಳು ದಣಿಯುವವರೆಗೂ ಓಡಿದಳು. ನಮ್ಮತ್ತೆ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದರು. ಮಧ್ಯಾಹ್ನ ಊರಂಚಿನ ಉದ್ಯಾನಕ್ಕೆ ಹೋಗಿ ಬೇವಿನ ಮರದ ಕೆಳಗೆ ಉಂಡೆವು.

ಉಂಡ ಮೇಲೆ ಅತ್ತೆ ಅಲ್ಲೇ ಅಡ್ಡಾದರು. ನಾನು ಡಬ್ಬಿ ತೊಳೆಯಲು ನಳದ ಕಡೆ ಹೊರಟೆ. "ಕೂಸಿನ ಕಡೆ ಲಕ್ಷ್ಯ ಇರ್ಲಿರಿ" ಎಂದು ಗಂಡನಿಗೆ ಎರಡು ಸಲ ಹೇಳಿದ್ದೆ. ತಿರುಗಿ ಬಂದಾಗ ಅವರು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಜಾರುಬಂಡೆಯ ಹತ್ತಿರ ಮಗಳಿರಲಿಲ್ಲ.

"ಇಲ್ಲೇ ಇದ್ಳಲ್ಲ, ಈಗರೆ…" ಎಂದರು.

ಆ 'ಈಗರೆ' ಕೇಳಿ ನನಗೆ ಹತ್ತಿದ ಬೆಂಕಿ ಇಂದಿಗೂ ಪೂರ್ತಿ ಆರಿಲ್ಲ. ಬಾಯಿಗೆ ಬಂದದ್ದು ಬೈಯುತ್ತಲೇ ಗಿಡದ ಸಂದಿ, ಕಟ್ಟೆಯ ಮರೆ ಎಲ್ಲ ಹುಡುಕಿದೆ. ಉದ್ಯಾನದ ಹಿಂಬದಿಗೆ ಒಂದು ಹಳೆಯ ಮೆಟ್ಟಿಲುಬಾವಿ ಇದೆ. ಸುತ್ತ ಎರಡಾಳೆತ್ತರದ ಗೋಡೆ, ಮೇಲೆ ಗಾಜಿನ ಚೂರು. ಒಳಹೋಗಲು ಇರುವುದು ಒಂದೇ ಸರಳಿನ ಗೇಟು. ಅದಕ್ಕೆ ತುಕ್ಕು ಹಿಡಿದ ದೊಡ್ಡ ಕೀಲಿ. ಸರಳು ಹಿಡಿದು ಒಳಗೆ ಇಣುಕಿದೆ.

ನನ್ನ ಮಗಳು ನೀರಿನಿಂದ ಮೂರೇ ಮೆಟ್ಟಿಲು ಮೇಲೆ, ನಮಗೆ ಬೆನ್ನು ಮಾಡಿ ಕೂತಿದ್ದಳು.

ಕೂಗಲು ಬಾಯಿ ತೆರೆದವಳು ತಡೆದುಕೊಂಡೆ. ಕೂಗಿದರೆ ಎದ್ದಾಳು, ಎದ್ದರೆ ಕಾಲು ಜಾರೀತು. ಸರಳುಗಳ ನಡುವೆ ನನ್ನ ತೋಳು ತೂರಿತು, ಅಷ್ಟೆ; ಕೂಸಿನ ತಲೆಯೂ ಹಿಡಿಯದಷ್ಟು ಇಕ್ಕಟ್ಟು. ಉದ್ಯಾನದ ಮಾಲಿ, ಅರವತ್ತು ದಾಟಿದವರು, ಓಡಿಬಂದರು.

"ಕೀಲಿಕೈ ಆಫೀಸಿನ್ಯಾಗ ಐತ್ರಿ ಅಕ್ಕೋರ. ಇವತ್ತ ಸೂಟಿ. ನಾ ಕೆಲಸಕ್ಕ ಬಂದಾಗಿಂದ ಈ ಗೇಟ ತೆಗದೇ ಇಲ್ರಿ."

"ಹಂಗಾದ್ರ ಕೂಸು ಹ್ಯಾಂಗ ಹೋತು?" ಎಂದು ಹಲ್ಲು ಕಚ್ಚಿ ಕೇಳಿದೆ.

ಅವರು ಕೀಲಿಯನ್ನು ಜಗ್ಗಿ ನೋಡಿದರು. ಗಂಡ ಕಲ್ಲು ತಂದು ಕೀಲಿ ಕುಟ್ಟತೊಡಗಿದರು. ಒಂದೊಂದು ಏಟಿಗೂ ಬಾವಿ ಗುಂಯ್‌ಗುಡುತ್ತಿತ್ತು. ಮಗಳು ತಿರುಗಿ ನೋಡಲಿಲ್ಲ. ತಲೆಯನ್ನು ತುಸು ಹಿಂದಕ್ಕೆ ಕೊಟ್ಟು ಅಲುಗದೆ ಕೂತಿದ್ದಳು. ಕೀಲಿ ಮುರಿದು ಬಿದ್ದದ್ದೇ ಇಳಿದು ಹೋಗಿ ಎತ್ತಿಕೊಂಡೆ. ಮೈ ಬೆಚ್ಚಗಿತ್ತು. ಅಳು ಇರಲಿಲ್ಲ. ಆಮೇಲೆ ನನ್ನ ಕೈಗೆ ಜಡೆ ತಾಗಿತು.

ಅವಳ ಕೂದಲು ಆಗ ಕುತ್ತಿಗೆಯವರೆಗಷ್ಟೇ ಇತ್ತು. ಬಾಚಣಿಗೆ ಕಂಡರೆ ಓಣಿಗೆಲ್ಲ ಕೇಳುವಂತೆ ಅಳುವವಳು. ಅವತ್ತೂ ಕೆದರಿದ ತಲೆಯಲ್ಲೇ ಕರೆತಂದಿದ್ದೆ. ಈಗ ಎಣ್ಣೆ ಹಚ್ಚಿ, ನಡುಬೈತಲೆ ತೆಗೆದು, ಬೆರಳುದ್ದದ ಜಡೆಯನ್ನು ಬಿಗಿಯಾಗಿ ಹೆಣೆದು, ತುದಿಗೆ ಬಿಳಿ ನೂಲು ಕಟ್ಟಿತ್ತು. ಅವಳು ಕಣ್ಮರೆಯಾಗಿದ್ದು ಕಾಲು ಗಂಟೆಯೂ ಇಲ್ಲ.

"ಯಾರ ಹಾಕಿದ್ರವ್ವಾ ಜಡಿ?" ಗದ್ದಲಕ್ಕೆ ಎದ್ದು ಬಂದಿದ್ದ ಅತ್ತೆ ಕೇಳಿದರು.

"ಆಯಿ" ಎಂದಳು. ಅತ್ತೆಯನ್ನು ಅವಳು ಅಜ್ಜಿ ಎನ್ನುತ್ತಾಳೆ. ಆಯಿ ಎಂದು ಕರೆಯುವಂಥವರು ನಮಗೆ ಯಾರೂ ಇಲ್ಲ.

ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ನನ್ನನ್ನು ಕೇಳದೆ ನನ್ನ ಕೂಸನ್ನು ಮುಟ್ಟಿದವರು ಯಾರು? "ಬಿಚ್ಚಬ್ಯಾಡವಾ, ತಾಯಿ ಕಾಯ್ದಾಳ!" ಎಂದು ಅತ್ತೆ ಕೈ ಹಿಡಿದರೂ ಕೇಳದೆ, ಅಲ್ಲೇ ಜಡೆ ಬಿಚ್ಚಿ ನೂಲನ್ನು ಎಸೆದುಬಿಟ್ಟೆ.

ಎಂಟು ದಿನದಲ್ಲಿ ಆ ಗೇಟಿನ ಮುಂದೆ ತೆಂಗಿನಕಾಯಿ ಒಡೆಯುವುದು ಶುರುವಾಯಿತು. ಮುರಿದ ಕೀಲಿಯ ಜಾಗಕ್ಕೆ ಯಾರೋ ತಂತಿ ಸುತ್ತಿದ್ದರು. ಕೈಮುಗಿಯಲು ಬಂದವರ ಮಕ್ಕಳು ಆ ತಂತಿ ಜಗ್ಗುತ್ತಿದ್ದರು. ಊದುಬತ್ತಿಗೆ ಜನರಿದ್ದರು, ಬಾವಿಗೊಂದು ಜಾಳಿಗೆ ಹಾಕಿಸಲು ಯಾರೂ ಇರಲಿಲ್ಲ. ಅರ್ಜಿ ಹಿಡಿದು ನಾನೇ ಪುರಸಭೆ ಆಫೀಸಿಗೆ ಹೋದೆ.

"ಕೂಸು ಒಳಗ ಹ್ಯಾಂಗ ಹೋತು ಅಂತ ಬರದಿಲ್ಲಲ್ರಿ" ಎಂದ ಗುಮಾಸ್ತ.

"ನನಗ ಗೊತ್ತಿಲ್ರಿ."

"ಗೊತ್ತಿಲ್ಲ ಅಂದ್ರ ಫೈಲ್ ಮುಂದ ಹೋಗಂಗಿಲ್ರಿ ಅಕ್ಕೋರ. ಕಾರಣ ಬೇಕಾಗ್ತೈತಿ."

ಮೂರು ಸಲ ಅಲೆದೆ, ಮೂರು ಸಲವೂ ಅದೇ ಮಾತು. ಮೂರನೆಯ ಸಲ ಸಿಟ್ಟು ನೆತ್ತಿಗೇರಿ, ಅಲ್ಲೇ ನಿಂತು 'ಗೇಟು ತೆರೆದಿತ್ತು' ಎಂದು ಬರೆದು ಸಹಿ ಹಾಕಿದೆ.

ಹದಿನೈದು ದಿನದಲ್ಲಿ ಬಾವಿಗೆ ಕಬ್ಬಿಣದ ಜಾಳಿಗೆ ಬಂತು. ಮಾಲಿಯನ್ನು ಕೆಲಸದಿಂದ ತೆಗೆದರು.

ಸುದ್ದಿ ತಿಳಿದ ದಿನವೇ ಓಡಿಹೋಗಿ, ನಾನು ಬರೆದದ್ದು ಸುಳ್ಳು ಎಂದು ಹೇಳಿದೆ. "ನಿಮ್ಮ ಸಹಿ ಐತಲ್ರಿ" ಎಂದು ಗುಮಾಸ್ತ ನಕ್ಕ.

ಕೆಲವು ತಿಂಗಳ ಮೇಲೆ ಕಾಯಿಪಲ್ಯೆ ಸಂತೆಯಲ್ಲಿ ಮಾಲಿ ಎದುರಾದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಅಕ್ಕೋರ, ಕೀಲಿ ಹಾಕಿತ್ತಲ್ರಿ. ನೀವ ಕಣ್ಣಾರೆ ನೋಡೀರಿ" ಎಂದಷ್ಟೇ ಹೇಳಿದರು.

ಆಮೇಲೆ ಟೇಪು ಹಿಡಿದು ಆ ಸರಳುಗಳನ್ನು ಅಳೆದಿದ್ದೇನೆ. ಗೋಡೆಯ ಸುತ್ತ ಎಷ್ಟೋ ಸಲ ನಡೆದಿದ್ದೇನೆ, ಒಂದು ಕಿಂಡಿಯೂ ಸಿಕ್ಕಿಲ್ಲ. ಮಗಳಿಗೆ ಏನೂ ನೆನಪಿಲ್ಲ. ಅವಳು ಒಳಗೆ ಹೋದದ್ದು ಹೇಗೆ, ನೀರಿನಂಚಿನಲ್ಲಿ ಅವಳನ್ನು ಹಿಡಿದು ಕೂರಿಸಿದ ಕೈ ಯಾರದು, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಆಫೀಸಿನವರು ಒಪ್ಪದಿದ್ದರೂ ಅದನ್ನು ಇಲ್ಲಿ ಬರೆದು ಸಹಿ ಹಾಕುತ್ತೇನೆ: ಆ ದಿನ ಗೇಟಿಗೆ ಕೀಲಿ ಹಾಕಿತ್ತು.