ಅಪ್ಪನ ವೈನಿಗೆ ನನ್ನ ಮೂಗು

ಆಗೆಲ್ಲ ಅವರೆಕಾಯಿ ಕಾಲ ಬಂತೆಂದರೆ ನಮ್ಮ ಶಂಕರಪುರದ ಮನೆಯಲ್ಲಿ ಎರಡು ವಾಸನೆಗಳಿಗೆ ಪೈಪೋಟಿ. ಒಳಗೆ ಅವರೆಯ ಸೊಗಡು, ಹೊರಗೆ ಸ್ಕೂಟರ್ ಶೆಡ್ಡಿನಲ್ಲಿ ಅಪ್ಪನ ಕೆಂಪು ವೈನು. ದೊಡ್ಡಬಳ್ಳಾಪುರದ ಹತ್ತಿರ ತಾತ ಬಿಟ್ಟುಹೋಗಿದ್ದ ದ್ರಾಕ್ಷಿ ತೋಟದಲ್ಲಿ ಅಪ್ಪ ಪುಟ್ಟದೊಂದು ವೈನರಿ ಹಾಕಿದ್ದ. ಅಜ್ಜಿ ಒಪ್ಪಿದ್ದು ಒಂದೇ ಕರಾರಿನ ಮೇಲೆ.

"ಮಾರೋದಿದ್ರೆ ಮಾರ್ಕೋ. ಒಂದು ತೊಟ್ಟೂ ನಿನ್ನ ನಾಲಿಗೆಗೆ ತಾಕ್ಬಾರ್ದು."

ಅಪ್ಪ ಕೊರಳಿನ ಲಿಂಗ ಹಿಡಿದು ಮಾತು ಕೊಟ್ಟಿದ್ದ. ಹಾಗಾಗಿ ರುಚಿ ನೋಡಲು ನಾಸಿಕ್‌ನಿಂದ ಒಬ್ಬರು ತಿಂಗಳಿಗೊಮ್ಮೆ ಬರುತ್ತಿದ್ದರು. ನಡುವಿನ ಭಾನುವಾರಗಳಲ್ಲಿ ಅಪ್ಪ ಆರು ಪೀಪಾಯಿಗಳಿಂದ ಆರು ಸಣ್ಣ ಸೀಸೆ ತುಂಬಿಸಿ ಮನೆಯ ಶೆಡ್ಡಿಗೆ ತರುತ್ತಿದ್ದ. ಮೂಸುವ ಕೆಲಸ ನನ್ನದು. ನನಗಾಗ ಹತ್ತು ವರ್ಷ. "ಇದು ನೇರಳೆಹಣ್ಣು, ಇದು ಒದ್ದೆ ಗೋಣಿಚೀಲ" ಎಂದು ನಾನು ಹೇಳುವುದು, ಅಪ್ಪ ಬರೆದುಕೊಳ್ಳುವುದು. ನನ್ನ ಜಂಬಕ್ಕೆ ಮಿತಿಯೇ ಇರಲಿಲ್ಲ. ತಮ್ಮ ಮಾತ್ರ "ನಂಗೂ ಒಂದ್ಸಲ ಕೊಡಪ್ಪ" ಎಂದು ಹಿಂದೆಯೇ ಸುತ್ತುತ್ತಿದ್ದ.

ಆ ಜನವರಿಯಲ್ಲಿ ನನಗೆ ಶೀತವಾಯಿತು. ಅವರೆಕಾಯಿ ಸುಲಿಯಲು ಕೂತಾಗ ಬೆರಳು ಮೂಗಿಗೆ ಹಿಡಿದರೂ ಸೊಗಡಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಸೀಸೆಗಳು ತಮ್ಮನ ಪಾಲಾಗುತ್ತಿದ್ದವು. ನಾಸಿಕ್‌ನವರು ಆ ತಿಂಗಳು ಹುಷಾರಿಲ್ಲದೆ ಬಂದಿರಲಿಲ್ಲ. ಸೋಮವಾರವೇ ಬಾಟ್ಲಿಗೆ ತುಂಬಬೇಕಿತ್ತು.

ಭಾನುವಾರ ಆರೂ ಸೀಸೆ ಮೂಸಿದೆ. ನೀರು ಮೂಸಿದ ಹಾಗಿತ್ತು.

"ಎಲ್ಲಾ ಚೆನ್ನಾಗಿದೆ ಅಪ್ಪ."

"ಸರಿಯಾಗಿ ನೋಡಿದ್ಯಾ ಪುಟ್ಟಿ?"

"ನೋಡ್ದೆ."

ಅಪ್ಪ ನನ್ನ ಮುಖವನ್ನೇ ನೋಡಿ ಪುಸ್ತಕ ಮುಚ್ಚಿದ. "ಹೋಗು, ಕೈ ತೊಳ್ಕೋ" ಅಂದ.

ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಗೇಟಿನವರೆಗೆ ಹೋಗಿ ಬಂದೆ, ಮತ್ತೆ ಹೋದೆ. ಅಡುಗೆಮನೆಗೆ ನುಗ್ಗಿ ಅಮ್ಮನ ಕೈಲಿ ಬೈಸಿಕೊಂಡೆ. ಕೊನೆಗೆ ತಡೆಯಲಾರದೆ ನಿಜ ಹೇಳಿಬಿಡೋಣವೆಂದು ಶೆಡ್ಡಿಗೆ ಓಡಿದೆ.

ಅಪ್ಪ ನೆಲದ ಮೇಲೆ ಕೂತಿದ್ದ. ಒಂದೊಂದೇ ಸೀಸೆಯಿಂದ ಮುಚ್ಚಳಕ್ಕೆ ಬಗ್ಗಿಸಿ, ನಾಲಿಗೆಗಿಟ್ಟು, ಪಕ್ಕದ ಮರಳಿನ ಬಕೆಟ್ಟಿಗೆ ಉಗುಳುತ್ತಿದ್ದ. ನನ್ನನ್ನು ನೋಡಿ ಗಾಬರಿಯಾಗಲಿಲ್ಲ.

"ನಾಲ್ಕನೇದು ಹುಳಿಯಾಗ್ಬಿಟ್ಟಿದೆ. ಶೀತ ಆಗಿದ್ರೆ ಹೇಳ್ಬೇಕಮ್ಮ."

ನಾನು ಅಳತೊಡಗಿದೆ. "ಅಜ್ಜಿಗೆ ಹೇಳ್ತೀಯಾ?"

"ಹೇಳ್ದೆ ಊಟಕ್ಕೆ ಹೇಗೆ ಕೂರಲಿ?"

ಊಟಕ್ಕೆ ಕೂರುವ ಮೊದಲು ಅಜ್ಜಿಗೆ ಹೇಳಿಯೇ ಬಿಟ್ಟ. "ಬೇರೆ ದಾರಿ ಇರ್ಲಿಲ್ಲಮ್ಮ, ನಾನೇ ರುಚಿ ನೋಡ್ಬಿಟ್ಟೆ" ಎಂದಷ್ಟೇ. ನನ್ನ ಹೆಸರೆತ್ತಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅಜ್ಜಿ ಬೈಯಲಿಲ್ಲ. ಹಿತಕಬೇಳೆ ಸಾರು ಬಡಿಸಿದಳು.

ಅದುವರೆಗೆ ದಿನಾ ಬೆಳಿಗ್ಗೆ ಅಪ್ಪ ಹೊರಡುವಾಗ ಅವನ ಹಣೆಗೆ ವಿಭೂತಿ ಹಚ್ಚುತ್ತಿದ್ದವಳು ಅಜ್ಜಿಯೇ. ಮರುದಿನ ಅವಳು ವಿಭೂತಿ ಗಟ್ಟಿಯನ್ನು ಕಿಟಕಿಯ ಮೇಲಿಟ್ಟು, "ಹಚ್ಕೊಂಡು ಹೋಗು" ಅಂದಳು. ಅಪ್ಪ ಒಂದು ಗಳಿಗೆ ತಲೆ ಬಗ್ಗಿಸಿಯೇ ನಿಂತಿದ್ದು, ಆಮೇಲೆ ತಾನೇ ಹಚ್ಚಿಕೊಂಡ.

ಈಗ ವೈನರಿ ಬೇರೆಯವರದು. ಶೆಡ್ಡಿದ್ದ ಜಾಗದಲ್ಲಿ ಕಾರು ನಿಲ್ಲುತ್ತದೆ. ಅದಕ್ಕೆಲ್ಲ ನನಗೆ ಅಷ್ಟು ಸಂಕಟವಿಲ್ಲ. ಅಜ್ಜಿ ಅದಾದ ಮೇಲೆ ಒಂಬತ್ತು ವರ್ಷ ಬದುಕಿದ್ದಳು. ಅಷ್ಟೂ ಬೆಳಗುಗಳಲ್ಲಿ ಯಾವುದಾದರೊಂದು ದಿನ ನಾನು ಹೋಗಿ "ತಪ್ಪು ನಂದು ಅಜ್ಜಿ" ಅಂದಿದ್ದರೆ, ಅವಳ ಕೈ ಮತ್ತೆ ಮಗನ ಹಣೆ ಮುಟ್ಟುತ್ತಿತ್ತೋ ಏನೋ.